ಪಾನಪಾತ್ರೆಗೆ ಯಾವ ದ್ರಾಕ್ಷಿ?

ಕನ್ನಡದಲ್ಲಿ ಬಲಿಪೂಜೆಯನ್ನು ಅರ್ಪಿಸುವ ಗುರುವಿಗೆ ಒಂದು ತೊಡಕು ಭಾಷೆಯಿಂದಲೇ ಒದಗುತ್ತದೆ. ‘ದ್ರಾಕ್ಷಾರಸ’ ಎಂಬ ಪದವನ್ನು ಬಿಡಿಸಿದರೆ ದ್ರಾಕ್ಷಿಯ ರಸ ಎಂದಷ್ಟೇ ಅರ್ಥ. ಅದು ಆಗತಾನೆ ಹಿಂಡಿದ ರಸವೋ ಹುದುಗಿದ ರಸವೋ ಎಂಬುದನ್ನು ಪದ ಸೂಚಿಸುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ಸಂತ ಯೊವಾನ್ನರು ಬಳಸುವ ಗ್ರೀಕ್ ಪದ ‘ಓಯ್ನೊಸ್’. ಅತಿಥಿಗಳು ಕುಡಿದು ಅಮಲೇರಿದ ಮೇಲೆ ಕೀಳು ರಸವನ್ನು ಕೊಡುವ ವಾಡಿಕೆಯ ಮಾತು ಅಲ್ಲಿ ಬರುವುದರಿಂದ ಸಂದೇಹಕ್ಕೆ ಎಡೆಯಿಲ್ಲ. ಕಡೆಯ ಭೋಜನದ ವೃತ್ತಾಂತದಲ್ಲಾದರೋ ಮೊದಲ ಮೂವರು ಶುಭಸಂದೇಶಕಾರರು ‘ದ್ರಾಕ್ಷಾಲತೆಯ ಫಲ’ ಎನ್ನುತ್ತಾರೆಯೇ ಹೊರತು ಆ ಪದವನ್ನು ಬಳಸುವುದಿಲ್ಲ. ಆದರೆ ಪಾಸ್ಕ ಬರುವುದು ವಸಂತಕಾಲದಲ್ಲಿ. ಪಾಲೆಸ್ತೀನದ ದ್ರಾಕ್ಷಿ ಸುಗ್ಗಿ ಬೇಸಿಗೆಯ ಕೊನೆಯಲ್ಲಿ. ಏಳೆಂಟು ತಿಂಗಳು ಇಟ್ಟ ರಸ ಆ ಕಾಲದಲ್ಲಿ ಹುದುಗದೆ ಉಳಿಯುತ್ತಿರಲಿಲ್ಲ.

ಈ ಪದಚರ್ಚೆ ಪಾಠಶಾಲೆಗಷ್ಟೇ ಸೀಮಿತವಲ್ಲ. ಬಿನ್ನಿ ಗಿರಣಿಯ ಹೆಸರನ್ನು ಹೊತ್ತ ಬಿನ್ನಿಪೇಟೆಯಂತಹ ಬಡಾವಣೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುನ್ನ ಭರಣಿಗಳಲ್ಲಿ ವೈನ್ ಸಿದ್ಧವಾಗುತ್ತದೆ. ಕಪ್ಪು ದ್ರಾಕ್ಷಿ, ಹೆಚ್ಚುಕಡಿಮೆ ಅಷ್ಟೇ ತೂಕದ ಸಕ್ಕರೆ, ಕಾಯಿಸಿ ಆರಿಸಿದ ನೀರು, ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಹೀಗೆ ಮಾಡಿದ ಸೀಸೆಯೊಂದನ್ನು ಭಕ್ತರು ಪ್ರೀತಿಯಿಂದ ತಂದು, “ಫಾದರ್, ಇದು ಅಪ್ಪಟ ದ್ರಾಕ್ಷಿ, ಪೂಜೆಗೆ ಇಟ್ಟುಕೊಳ್ಳಿ” ಎಂದರೆ ಗುರು ಏನು ಹೇಳಬೇಕು?

1983ರ ಧರ್ಮಸಭಾ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುವುದು ಇಷ್ಟೇ: ರಸವು ದ್ರಾಕ್ಷಾಲತೆಯ ಫಲದಿಂದಾದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು, ಅದಕ್ಕೆ ತುಸು ನೀರು ಸೇರಿಸಬೇಕು. 2004ರ ‘ರೆದೆಂಪ್ಸಿಯೋನಿಸ್ ಸಾಕ್ರಮೆಂತುಮ್’ ಇದನ್ನು ಬಿಗಿಗೊಳಿಸಿ, ಅನ್ಯ ಪದಾರ್ಥ ಬೆರೆತ ರಸವನ್ನೂ ಮೂಲ ಸಂದೇಹಾಸ್ಪದವಾದ ರಸವನ್ನೂ ನಿಷೇಧಿಸಿದೆ. ಇಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. ಬಣ್ಣದ ನಿಯಮವಿಲ್ಲ, ಬಿಳಿ ರಸ ರೂಢಿಗೆ ಬಂದದ್ದು ಬಹುಮಟ್ಟಿಗೆ ವಸ್ತ್ರದ ಮೇಲೆ ಕಲೆ ನಿಲ್ಲದೆಂಬ ಅನುಕೂಲಕ್ಕಾಗಿ. ದೇಶದ ನಿಯಮವಿಲ್ಲ. ತಳಿಯ ನಿಯಮವೂ ಇಲ್ಲ.

ತಳಿಯ ಮಾತು ನಮಗೆ ಮುಖ್ಯ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಬೆಳೆಯುವ ‘ಬೆಂಗಳೂರು ಬ್ಲೂ’ ಭೌಗೋಳಿಕ ಸೂಚಿಕೆಯನ್ನು ಪಡೆದ ಹಣ್ಣು. ನಂದಿ ಬೆಟ್ಟದ ತಪ್ಪಲಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆ ಕಬೆರ್ನೆ ಸೊವಿನ್ಯೋನ್, ಶಿರಾಜ್ ಮೊದಲಾದ ಫ್ರೆಂಚ್ ತಳಿಗಳನ್ನು ಆರಿಸಿಕೊಂಡಿತು. ಬೆಂಗಳೂರು ಬ್ಲೂ ಆ ಪಂಕ್ತಿಯದಲ್ಲ. ‘ಇಸಬೆಲ್ಲ’ ಎಂದು ಹೊರನಾಡುಗಳಲ್ಲಿ ಹೆಸರಾದ ಈ ತಳಿಯಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ. ಅದರ ಗಾಢ ಪರಿಮಳ ಅಲ್ಲಿಂದಲೇ ಬಂದದ್ದು. ಫ್ರಾನ್ಸ್ 1934ರ ಕಾನೂನಿನಿಂದ ಇಸಬೆಲ್ಲವನ್ನು ನಿಷೇಧಿತ ತಳಿಗಳ ಪಟ್ಟಿಗೆ ಸೇರಿಸಿತು. ಯೂರೋಪಿನ ಆ ಕಾನೂನು ದೈವಶಾಸ್ತ್ರದ ವಾದವಾಗಲಾರದು. ಬೆಂಗಳೂರು ಬ್ಲೂ ಕೂಡ ದ್ರಾಕ್ಷಾಲತೆಯೇ. ದೇವನಹಳ್ಳಿಯ ಚಪ್ಪರದಲ್ಲಿ ಮಾಗಿದ ಗೊಂಚಲು ಪಾನಪಾತ್ರೆಗೆ ಅಯೋಗ್ಯವೆನ್ನಲು ಯಾವ ಆಧಾರವೂ ಇಲ್ಲ. ನಮ್ಮ ಮಣ್ಣಿನ ಫಲ ಬಲಿಪೀಠಕ್ಕೆ ಸಲ್ಲದೆಂಬ ಅಳುಕು ನಮ್ಮಲ್ಲಿ ಕೆಲವರಿಗೆ ಇನ್ನೂ ಇದ್ದರೆ ಅದು ಶಾಸ್ತ್ರದಿಂದ ಬಂದದ್ದಲ್ಲ.

ತೊಡಕಿರುವುದು ಸಕ್ಕರೆಯಲ್ಲಿ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರವಾಗುತ್ತದೆ. ಶೇಕಡಾ 12 ಬರಬೇಕಾದರೆ ಹಣ್ಣಿನಲ್ಲಿಯೇ ಲೀಟರಿಗೆ 200 ಗ್ರಾಂ ಸಕ್ಕರೆಯಿರಬೇಕು. ಮಳೆಗೆ ಸಿಕ್ಕಿದ, ಬೇಗನೆ ಕಿತ್ತ ಬೆಂಗಳೂರು ಬ್ಲೂ ಹಣ್ಣು ಆ ಮಟ್ಟವನ್ನು ಮುಟ್ಟುವುದು ಕಷ್ಟ. ಆದುದರಿಂದ ತಯಾರಕರು ಕಬ್ಬಿನ ಸಕ್ಕರೆ ಸೇರಿಸುತ್ತಾರೆ. ಕೆಲವು ‘ಪೋರ್ಟ್’ ಬಗೆಗಳಿಗೆ ಮದ್ಯಸಾರವನ್ನೂ ಬೆರೆಸುತ್ತಾರೆ. ನಮ್ಮ ದೇಶದಲ್ಲಿ ಮದ್ಯಸಾರವನ್ನು ಕಬ್ಬಿನ ಕಾಕಂಬಿಯಿಂದಲೂ ತೆಗೆಯುತ್ತಾರೆ. ತೆಳುವಾದ ರಸವನ್ನು ಉಳಿಸಿಕೊಳ್ಳುವ ಪ್ರಶ್ನೆ 19ನೆಯ ಶತಮಾನದ ಕೊನೆಯಲ್ಲಿ ರೋಮಿಗೆ ಹೋದಾಗ, ಕಬ್ಬಿನ ಸಕ್ಕರೆಗೆ ಬದಲಾಗಿ ದ್ರಾಕ್ಷಿಯಿಂದಲೇ ತೆಗೆದ ಮದ್ಯಸಾರವನ್ನು ಮಿತವಾಗಿ ಸೇರಿಸಬಹುದೆಂಬ ಉತ್ತರ ಬಂದಿತು. ತತ್ವ ಸ್ಪಷ್ಟ: ಪಾತ್ರೆಯಲ್ಲಿರುವುದೆಲ್ಲವೂ ಬಳ್ಳಿಯಿಂದ ಬಂದಿರಬೇಕು.

ಈ ಅಳತೆಗೋಲಿನಿಂದ ನೋಡಿದರೆ ಕ್ರಿಸ್‌ಮಸ್ ಭರಣಿಯ ವೈನ್ ವಿಹಿತವಲ್ಲವೆಂಬುದು ಖಚಿತ. ಅದು ಸಿಂಧುವೇ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ನೀರೂ ಸಕ್ಕರೆಯೂ ದ್ರಾಕ್ಷಿಯನ್ನು ಮೀರಿದ್ದರೆ ಅದನ್ನು ದ್ರಾಕ್ಷಾರಸವೆನ್ನಲಾಗದು, ಮತ್ತು ಸಂಸ್ಕಾರದ ವಸ್ತುವಿನ ವಿಷಯದಲ್ಲಿ ಸಂದೇಹವಿಟ್ಟುಕೊಂಡು ಮುಂದುವರಿಯಲು ಗುರುವಿಗೆ ಅಧಿಕಾರವಿಲ್ಲ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಂತ ಸಿಪ್ರಿಯಾನರು ಪಾತ್ರೆಯಲ್ಲಿ ಬರಿಯ ನೀರನ್ನಿಡುತ್ತಿದ್ದವರನ್ನು ಖಂಡಿಸಿ ಬರೆದ ಪತ್ರದಲ್ಲಿ, ನೀರು ಪ್ರಜೆಯನ್ನೂ ರಸ ಕ್ರಿಸ್ತರ ರಕ್ತವನ್ನೂ ಸೂಚಿಸುತ್ತವೆ ಎಂದರು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಆ ನೀರು ಅತ್ಯಲ್ಪವಾಗಿರಬೇಕೆಂದಿತು. ಆಯುರ್ವೇದದ ದ್ರಾಕ್ಷಾಸವವನ್ನು ಆಪತ್ಕಾಲಕ್ಕೆ ಬಳಸಬಹುದೇ ಎಂದು ಕೇಳುವವರೂ ಇದ್ದಾರೆ. ಅದು ಬೆಲ್ಲ, ಮೂಲಿಕೆಗಳೊಡನೆ ಹುದುಗಿದ ಔಷಧ, ಸಲ್ಲದು.

ಹಾಗಿದ್ದರೆ ಸಕ್ಕರೆ ಕಡಿಮೆಯಾದ ಹಣ್ಣಿಗೆ ಪರಿಹಾರವೇನು? ಮೆಡಿಟರೇನಿಯನ್ ದ್ವೀಪವೊಂದು ಇದನ್ನು ಬಹು ಹಿಂದೆಯೇ ಕಂಡುಕೊಂಡಿತ್ತು. ಸಂತ ಬಾರ್ನಬರ ತಾಯ್ನಾಡಾದ ಸೈಪ್ರಸ್ಸಿನಲ್ಲಿ ಬಿಳಿಯ ಕ್ಸಿನಿಸ್ತೇರಿ, ಕಪ್ಪು ಮಾವ್ರೊ ಎಂಬೆರಡು ತಳಿಗಳ ಗೊಂಚಲುಗಳನ್ನು ಕಿತ್ತು, ಬಿಸಿಲಿನಲ್ಲಿ ಹರಡಿ ಬಾಡಿಸಿ, ಅನಂತರ ಹಿಂಡುತ್ತಾರೆ. ನೀರು ಆರಿ ಹಣ್ಣಿನ ಸ್ವಂತ ಸಕ್ಕರೆಯೇ ಸಾಂದ್ರವಾಗುತ್ತದೆ. ಆ ಸಿಹಿ ರಸಕ್ಕೆ ‘ಕೊಮಂದಾರಿಯ’ ಎಂಬ ಹೆಸರು ಬಂದದ್ದು ಕ್ರೂಸೇಡ್ ಕಾಲದ ಸಂತ ಯೊವಾನ್ನರ ಸಭೆಯ ಯೋಧರ ಠಾಣೆಯಿಂದ. ದ್ವೀಪದವರು ಅದನ್ನು ಊಟದ ಕೊನೆಯಲ್ಲಿ ಒಣಹಣ್ಣು, ಗಿಣ್ಣುಗಳೊಡನೆ ಸೇವಿಸುತ್ತಾರೆ. ಬಲಿಪೀಠದಲ್ಲಿ ರಸಕ್ಕೆ ಜೊತೆಯಾಗುವುದು ಹುಳಿಯಿಲ್ಲದ ಗೋಧಿ ರೊಟ್ಟಿ ಮಾತ್ರ. ಅದೂ ಮುಂಜಾನೆಯ ಬರಿಹೊಟ್ಟೆಯಲ್ಲಿ. ತೀಕ್ಷ್ಣವಾದ ಹುಳಿ ರಸಕ್ಕಿಂತ ಸಿಹಿ ರಸವನ್ನು ಹಿರಿಯ ಗುರುಗಳು ಮೆಚ್ಚುವುದಕ್ಕೆ ಇದೂ ಒಂದು ಕಾರಣ. ಸಿಹಿಯೂ ಮದ್ಯಸಾರವೂ ಹೆಚ್ಚಿರುವ ರಸ ಬೇಗ ಹುಳಿಯಾಗುವುದಿಲ್ಲ ಎಂಬುದು ಇನ್ನೊಂದು.

ನಮ್ಮ ನೆರೆಯ ಮಲಬಾರಿನ ಸಿರಿಯನ್ ಕ್ರೈಸ್ತರು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದ್ರಾಕ್ಷಿ ಬೆಳೆಯದ ನಾಡಿನಲ್ಲಿ ಹಡಗಿನಲ್ಲಿ ಬಂದ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಹಿಂಡಿದರು. ಬಣ್ಣ, ರುಚಿಗಳಲ್ಲಿ ನಿಜವಾದ ದ್ರಾಕ್ಷಾರಸವೆಂದು ಗುರುತಿಸಲು ಬರುವುದಾದರೆ ಅಂತಹ ರಸ ಸಿಂಧುವೆಂದು ರೋಮಿನ ತೀರ್ಮಾನವೂ ಇದೆ.

ಮದ್ಯವನ್ನು ಮುಟ್ಟಲಾಗದ ಗುರುಗಳಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ‘ಮುಸ್ತುಮ್’ ಉಂಟು: ಸ್ವರೂಪ ಕೆಡದಂತೆ, ಉದಾಹರಣೆಗೆ ಘನೀಕರಿಸಿ, ಹುದುಗುವಿಕೆಯನ್ನು ತಡೆದ ದ್ರಾಕ್ಷಿರಸ. 2003ರ ಪತ್ರದಲ್ಲಿ ಇದು ಸ್ಪಷ್ಟವಾಗಿದೆ. 1869ರಲ್ಲಿ ಮೆಥಡಿಸ್ಟರಾದ ಥಾಮಸ್ ವೆಲ್ಚ್ ರಸವನ್ನು ಕಾಯಿಸಿ ಹುದುಗದಂತೆ ಸೀಸೆಗಿಟ್ಟ ಮೇಲೆ ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಆ ವಾಡಿಕೆಯನ್ನು ಹಿಡಿದವು. ಅವರ ಕಾರಣಗಳು ಬೇರೆ. ಸಂರಕ್ಷಕಗಳನ್ನು ಬೆರೆಸಿದ ಅಂಗಡಿಯ ಪಾನೀಯವಂತೂ ಮುಸ್ತುಮ್ ಅಲ್ಲ.

ಭಕ್ತರು ತಂದ ಸೀಸೆಯನ್ನು ಗುರು ಕೃತಜ್ಞತೆಯಿಂದ ಸ್ವೀಕರಿಸಿ ಹಬ್ಬದ ಊಟಕ್ಕೆ ಇಟ್ಟುಕೊಳ್ಳಲಿ. ಕಾರಣವನ್ನು ಮರೆಮಾಚದೆ ಹೇಳಲಿ. ಪೂಜೆಗೆ ತರಿಸುವ ಸೀಸೆಯ ಮೂಲಪತ್ರವನ್ನು ಧರ್ಮಾಧ್ಯಕ್ಷರ ಕಾರ್ಯಾಲಯದಿಂದ ಕೇಳಿ ಪಡೆಯಬಹುದು. 2017ರ ರೋಮಿನ ಸುತ್ತೋಲೆ ಇಂತಹ ಪ್ರಮಾಣಪತ್ರಗಳನ್ನು ಸೂಚಿಸಿದೆ. ಒಮ್ಮೆ ತೆರೆದ ಸೀಸೆಯನ್ನು ಬೇಸಿಗೆಯಲ್ಲಿ ತಂಪಿನಲ್ಲಿಡಬೇಕು, ದಿನವಾದ ಮೇಲೆ ಪೂಜೆಗೆ ಮುಂಚೆಯೇ ಮೂಸಿ ನೋಡಬೇಕು. ವಿನೆಗರ್ ವಾಸನೆ ಬಂದರೆ ಅದು ಅಡುಗೆಮನೆಗೆ.