ಹುರುಳಿ ಕಟ್ಟಿನ ಬಿಸಿ

ಮಾರ್ಗಶಿರ ಬಂತೆಂದರೆ ತಳಿ, ಡೆಂಕಣಿಕೋಟೆ ಕಡೆ ಹೊತ್ತು ಏರಿದರೂ ಮಂಜು ಕರಗುವುದಿಲ್ಲ. ತಮಿಳುನಾಡಿನ ಈ ಹೊಸೂರು ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತಂಪು ಕಂಡೇ ಬ್ರಿಟಿಷರು ತಳಿಯನ್ನು ಲಿಟಲ್ ಇಂಗ್ಲೆಂಡ್ ಎಂದರು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದ ಹುಡುಗರು ಕಿವಿಗೆ ಮಫ್ಲರ್ ಸುತ್ತಿಕೊಂಡು ಬೈಕಿನಲ್ಲಿ ಊರು ಸೇರುತ್ತಾರೆ. ಅವರಲ್ಲೊಬ್ಬ ಮೂಗು ಕಟ್ಟಿ, ಗಂಟಲು ಕೆರೆದು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದರೆ ಅವ್ವ ಮಾತ್ರೆಗಿಂತ ಮೊದಲು ಹುರುಳಿ ಡಬ್ಬಕ್ಕೆ ಕೈ ಹಾಕುತ್ತಾಳೆ.

ಹುರುಳಿ ಈ ನೆಲದ್ದೇ ಕಾಳು. ರಾಗಿಯಂತೆ ಇದೂ ಮಳೆಯನ್ನೇ ನಂಬಿ, ಕಲ್ಲು ಜಾಸ್ತಿ ಇರುವ ಕೆಂಪು ಹೊಲದಲ್ಲೂ ಬರುತ್ತದೆ. ಉಳುವ ಎತ್ತುಗಳಿಗೂ ಇದನ್ನೇ ಬೇಯಿಸಿ ಇಡುತ್ತಿದ್ದರು. ಮೈಗೆ ಕಾವು, ರಟ್ಟೆಗೆ ಕಸುವು ಕೊಡುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಕೊಯ್ದ ಬಳ್ಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ಬಸ್ಸು ಲಾರಿಗಳ ಚಕ್ರದಡಿ ಕಾಳು ಬಿಡಿಸುವುದು ಇಲ್ಲಿ ಮಾಮೂಲು. ಹೀಗಾಗಿ ಕಾಳಿನ ಜೊತೆ ಅದೇ ಬಣ್ಣದ, ಅದೇ ಗಾತ್ರದ ಹರಳೂ ಮನೆಗೆ ಬರುತ್ತದೆ. ಮೊರದಲ್ಲಿ ಕೇರಿ, ಬೆಳಕಿಗೆ ಹಿಡಿದು, ಬೆರಳ ತುದಿಯಲ್ಲಿ ಸರಿಸುತ್ತಾ ಆರಿಸಬೇಕು. ಅವಸರ ಮಾಡಿದರೆ ಹಲ್ಲಿಗೆ ತಿಳಿಯುತ್ತದೆ.

ರಾತ್ರಿ ನೆನೆಹಾಕಿದ ಕಾಳನ್ನು ಧಾರಾಳವಾಗಿ ನೀರು ಹಾಕಿ ಒಲೆಗೇರಿಸುತ್ತಾರೆ. ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ನಿಜ. ಆದರೆ ಮಡಕೆಯಲ್ಲಿ ಸಣ್ಣ ಉರಿಯ ಮೇಲೆ ಬೆಂದ ಕಟ್ಟಿನ ರುಚಿಯೇ ಬೇರೆ ಎಂದು ನಾನಂತೂ ಗಟ್ಟಿಯಾಗಿ ಹೇಳುತ್ತೇನೆ. ಮೊದಲು ನೊರೆ ಉಕ್ಕುತ್ತದೆ, ಸೌಟಿನಲ್ಲಿ ತೆಗೆದು ಚೆಲ್ಲಬೇಕು. ಆಮೇಲೆ ನೀರು ತಿಳಿ ಕಂದಾಗಿ, ನಿಧಾನವಾಗಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಸುಟ್ಟ ಮಣ್ಣಿಗೆ ಮಳೆ ಬಿದ್ದಾಗ ಏಳುವಂಥ ವಾಸನೆ ಅಡುಗೆಮನೆ ದಾಟಿ ಪಡಸಾಲೆಗೂ ಬರುತ್ತದೆ. ಕಾಳು ಹಿಚುಕಿದರೆ ಮೆತ್ತಗಾಗುವಷ್ಟು ಬೆಂದಾಗ ಕಟ್ಟು ಬಸಿಯುತ್ತಾರೆ.

ಇನ್ನು ಖಾರ. ಶೀತಕ್ಕೆ ಮಾಡುವ ಸಾರಿಗೆ ತೆಂಗಿನಕಾಯಿ ಹಾಕುವುದಿಲ್ಲ. ಕರಿಮೆಣಸು, ಜೀರಿಗೆ, ಸಿಪ್ಪೆಸಮೇತ ಬೆಳ್ಳುಳ್ಳಿ, ಕೊಂಚ ಧನಿಯ, ಒಂದು ಹಿಡಿ ಬೆಂದ ಕಾಳು, ಇಷ್ಟನ್ನು ಒರಳಿನಲ್ಲಿ ತರಿತರಿಯಾಗಿ ಅರೆದು ಕಟ್ಟಿಗೆ ಕದಡಬೇಕು. ಹುಳಿಗೆ ಹುಣಸೆ. ಕೃಷ್ಣಗಿರಿ ಕಡೆ ಹುಣಸೆಗೇನು ಬರ? ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಚುಂಯ್ ಎಂದಾಗ, ಕಟ್ಟಿದ್ದ ಮೂಗಿಗೂ ಏನೋ ಒಂದು ಘಾಟು ತಾಕುತ್ತದೆ.

“ಏಳು ಮಗಾ, ಬಿಸೀಲೇ ಕುಡಿ.”

“ಬಾಯಿಗೆ ಏನೂ ರುಚಿ ಇಲ್ಲ ಕಣವ್ವ.”

“ರುಚಿಗಲ್ಲ, ಬೆವರಲಿ ಅಂತ. ಒಂದೇ ಸಲ ಬೇಡ, ಗುಟುಕು ಗುಟುಕಾಗಿ ಕುಡಿ.”

ಅವ್ವನ ಈ ಗುಟುಕಿನ ಮಾತಿನಲ್ಲಿ ಹುರುಳಿದೆ. 1978ರಲ್ಲಿ ಅಮೆರಿಕದ ಮಯಾಮಿ ಬೀಚ್‌ನ ವೈದ್ಯರು ಆರೋಗ್ಯವಂತರಿಗೆ ತಣ್ಣೀರು, ಬಿಸಿನೀರು, ಬಿಸಿ ಕೋಳಿ ಸೂಪು ಕುಡಿಸಿ, ಮೂಗಿನೊಳಗೆ ಸಿಂಬಳ ಸರಿಯುವ ವೇಗ ಅಳೆದರು. ಬಿಸಿಯಾದದ್ದು ಕುಡಿದಾಗ ವೇಗ ಹೆಚ್ಚಿತು, ತಣ್ಣೀರಿಗೆ ತಗ್ಗಿತು. ಆದರೆ ಬಿಸಿಯಿಂದ ಹೆಚ್ಚಿದ ವೇಗ ಅರ್ಧ ಗಂಟೆಯಲ್ಲಿ ಮೊದಲಿನಂತಾಯಿತು. ಅಂದರೆ ಆಗಾಗ ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ಕುಡಿಯುವುದೇ ಸರಿ. ಸಾರು ನೆಗಡಿಯ ವೈರಸ್ಸನ್ನು ಕೊಲ್ಲುವುದಿಲ್ಲ. ನೆಗಡಿ ತನ್ನ ದಿನ ಮುಗಿಸಿಯೇ ಹೋಗುತ್ತದೆ. ಅಲ್ಲಿಯವರೆಗೆ ಗಂಟಲಿಗೆ ಹಿತ, ಮೈಗೆ ನೀರು, ಹೊಟ್ಟೆಗೆ ಒಂದಿಷ್ಟು ಸತ್ವ ಸಿಗುತ್ತದೆ. ಜ್ವರ ಬಿಡದಿದ್ದರೆ, ಉಸಿರಾಡಲು ಕಷ್ಟವಾದರೆ ಆಸ್ಪತ್ರೆಗೇ ಹೋಗಬೇಕು.

ಈ ಸಾರು ಕನ್ನಡದವರ ಮನೆಗಷ್ಟೇ ಸೇರಿದ್ದಲ್ಲ. 1956ರಲ್ಲಿ ರಾಜ್ಯಗಳ ಗಡಿ ಗುರುತಿಸಿದಾಗ ಈ ಸೀಮೆ ಮದರಾಸಿನ ಕಡೆಗೇ ಉಳಿಯಿತು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳಿನ ಮನೆಗಳು. ಪಕ್ಕದ ತಮಿಳರ ಮನೆಯಲ್ಲಿ ಇದೇ ಕಾಳಿನ ರಸಂ ಇನ್ನೂ ತೆಳ್ಳಗೆ, ಮೆಣಸು ಮುಂದಾಗಿ ಇರುತ್ತದೆ. ತೆಲುಗರ ಮನೆಯ ಉಲವಚಾರು ಮಂದವಾಗಿ, ಹುಳಿ ಹಿಡಿದು ಕುದ್ದಿರುತ್ತದೆ. ಶೀತವಾದವರ ಮನೆಗೆ ಯಾರ ಮನೆಯ ಪಾತ್ರೆ ಬಂದರೂ ಬೇಡ ಎನ್ನುವುದಿಲ್ಲ.

ಬಸಿದು ಉಳಿದ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಪಲ್ಯ. ಮಿಕ್ಕ ಸಾರು ಮಾರನೆ ದಿನ ಇನ್ನಷ್ಟು ಕುದ್ದು ಗಟ್ಟಿಯಾಗಿರುತ್ತದೆ. ಮಲಗಿದ್ದವನು ಎದ್ದು ಕೂತು “ಮುದ್ದೆ ಮಾಡಿದ್ದೀಯಾ ಅವ್ವ?” ಎಂದು ಕೇಳುವ ಹೊತ್ತಿಗೆ, ನೆಗಡಿಯಿಲ್ಲದವರೂ ಅದೇ ಸಾರಿಗಾಗಿ ತಟ್ಟೆ ಹಾಕಿಕೊಂಡಿರುತ್ತಾರೆ.