ಮಳೆ ಕುಂದಗೋಳದಲ್ಲಿ, ಹಳ್ಳ ನವಲಗುಂದದಲ್ಲಿ

ನವಲಗುಂದದ ಎರೆಹೊಲದಲ್ಲಿ ಒಂದು ಹನಿ ಬೀಳದಿದ್ದರೂ ಬೆಣ್ಣಿಹಳ್ಳ ಬರುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟುವ ಈ ಹಳ್ಳ ಕುಂದಗೋಳ, ಹುಬ್ಬಳ್ಳಿ ಸೀಮೆ ಹಾಯ್ದು, ನವಲಗುಂದ ದಾಟಿ, ತುಪ್ಪರಿಹಳ್ಳವನ್ನೂ ಕೂಡಿಕೊಂಡು ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ಕುಡಿಯಲು ಬಾರದ ಸವುಳು ನೀರು. ಮಳೆಗಾಲದಲ್ಲಿ ಒಂದೇ ರಾತ್ರಿಗೆ ದಂಡೆ ಮೀರಿ ಹೆಸರು, ಹತ್ತಿ, ಉಳ್ಳಾಗಡ್ಡಿ ಎಲ್ಲವನ್ನೂ ಮುಳುಗಿಸುತ್ತದೆ. ಎರೆಮಣ್ಣು ಒಮ್ಮೆ ನೆನೆದು ಊದಿತೆಂದರೆ ಮತ್ತೆ ನೀರು ಕುಡಿಯುವುದು ಕಡಿಮೆ. ಆಮೇಲೆ ಬಿದ್ದದ್ದೆಲ್ಲ ಹಳ್ಳದ ಪಾಲು. ಪಾತ್ರದ ತುಂಬ ಹೂಳು, ಜಾಲಿ. 2009ರ ಮತ್ತು 2019ರ ನೆರೆಯನ್ನು ಯಮನೂರಿನಂಥ ದಂಡೆಯ ಊರುಗಳು ಮರೆತಿಲ್ಲ.

ಇಂಥ ನೆರೆಯ ಸುದ್ದಿಯನ್ನು ಮೊದಲು ತರುತ್ತಿದ್ದದ್ದು ಡಂಗುರ. ಇಂದು ಆ ಕೆಲಸಕ್ಕೆ ಮಳೆಮಾಪಕವಿದೆ. ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ನಿಲ್ಲಿಸಿರುವ ಸೌರಫಲಕದ ಈ ಯಂತ್ರವನ್ನು ನೋಡಿದವರು ಬಹಳ, ಅದರ ಕೆಲಸ ಬಲ್ಲವರು ಕಡಿಮೆ. ಒಳಗಿನ ಪುಟ್ಟ ತೊಟ್ಟಿ ತುಂಬಿದಾಗಲೆಲ್ಲ ಮಗುಚುತ್ತದೆ. ಎಷ್ಟು ಸಲ ಮಗುಚಿತು ಎಂಬ ಎಣಿಕೆಯೇ ಮಳೆಯ ಲೆಕ್ಕ. ಹದಿನೈದು ನಿಮಿಷಕ್ಕೊಮ್ಮೆ ಆ ಲೆಕ್ಕ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಲುಪುತ್ತದೆ. 1988ರಲ್ಲಿ ಈ ಕೇಂದ್ರ ಶುರುವಾದದ್ದು ಬರದ ಉಸ್ತುವಾರಿಗೆಂದು. ಒಂದು ವರ್ಷ ಮಳೆಗೆ ಬಾಯಿಬಿಟ್ಟು, ಮರುವರ್ಷ ಮಳೆಯಲ್ಲೇ ಮುಳುಗುವ ನವಲಗುಂದ, ಅಣ್ಣಿಗೇರಿಗಳಿಗೆ ಬರ ಮತ್ತು ನೆರೆ ಎರಡನ್ನೂ ಒಂದೇ ಕಡೆ ನೋಡುವ ಇಂಥ ಸಂಸ್ಥೆಯೇ ಬೇಕಿತ್ತು. ರೈತರು ಫೋನ್ ಮಾಡಿ ಮಳೆ ವಿಚಾರಿಸಲು ಅದರ ‘ವರುಣಮಿತ್ರ’ ಸಹಾಯವಾಣಿ, ಸಿಡಿಲಿನ ಎಚ್ಚರಿಕೆಗೆ ‘ಸಿಡಿಲು’ ಆ್ಯಪ್ ಇವೆ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂದ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ದೋಣಿ, ಹಗ್ಗ, ಪಡೆ ಎಲ್ಲವೂ ಬರುತ್ತವೆ, ಆದರೆ ನೀರು ಬಂದ ಮೇಲೆ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು, ಎತ್ತು ಹೊಡೆದುಕೊಂಡು ಹಳ್ಳ ದಾಟಿದ ರೈತ ಆಚೆ ದಂಡೆಯಲ್ಲಿ ಸಿಕ್ಕಿಕೊಳ್ಳುವುದು ಅದಕ್ಕೂ ಮುಂಚೆ. ಕುಂದಗೋಳದ ಮಾಪಕದಲ್ಲಿ ದಾಖಲಾದ ಮಳೆ ಹಳ್ಳಗುಂಟ ಇಳಿದು ನವಲಗುಂದ ಮುಟ್ಟಲು ಹೊತ್ತು ಬೇಕು. ಆ ಹೊತ್ತೇ ನಮ್ಮ ಕೈಯಲ್ಲಿರುವ ಆಸ್ತಿ. ಅದನ್ನು ಬಳಸುವುದು ಕಷ್ಟವೇನಲ್ಲ: ಮೇಲಿನ ಸೇತುವೆಗಳಿಗೆ ನೀರಿನ ಮಟ್ಟ ಅಳೆಯುವ ಸಾಧನ ಕೂಡಿಸಬೇಕು, ಕೆಳಗಿನ ಊರುಗಳ ಗುಡಿ, ಮಸೀದಿಗಳ ಧ್ವನಿವರ್ಧಕಕ್ಕೆ ಸುದ್ದಿ ನೇರವಾಗಿ ಬರಬೇಕು. ಹೊಲದಲ್ಲಿರುವವರ ಮೊಬೈಲಿಗಿಂತ ಆ ದನಿ ದೂರ ಕೇಳುತ್ತದೆ.

ಹಳ್ಳದ ಹೂಳೆತ್ತಿ, ಹಳ್ಳದ ನೆರೆ ತಡೆಯುವ ಬಗ್ಗೆ ನೀರಾವರಿ ತಜ್ಞ ಪರಮಶಿವಯ್ಯ ಕೊಟ್ಟ ವರದಿ ಜಾರಿ ಮಾಡಿ ಎಂಬ ರೈತರ ಕೂಗು ಹಳೆಯದು, ನ್ಯಾಯವಾದದ್ದು. ಅದಾಗುವವರೆಗೆ ಕಾಯಬೇಕಿಲ್ಲದ ಕೆಲಸ ಇನ್ನೊಂದಿದೆ. ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳು ನಾಲ್ಕಾರು ದಿನ ಜಡಿಮಳೆ ಹಿಡಿದು ನೆನೆದರೆ ಹಳ್ಳ ಇಳಿದ ಮೇಲೂ ಕುಸಿಯುತ್ತವೆ. ಯಾವ ಓಣಿಯಲ್ಲಿ ಅಂಥ ಮನೆ ಎಷ್ಟಿವೆ ಎಂಬ ಪಟ್ಟಿ ಪಂಚಾಯ್ತಿಯಲ್ಲಿದ್ದು, ಪಕ್ಕದ ಮಾಪಕದ ಒಟ್ಟು ಮಳೆ ಇಂತಿಷ್ಟು ದಾಟಿದ ರಾತ್ರಿ ಆ ಮನೆಗಳವರನ್ನು ಶಾಲೆಯಲ್ಲಿ ಮಲಗಿಸಲು ಹೊಸ ಯಂತ್ರ ಬೇಕಿಲ್ಲ, ಶಾಲೆಯ ಕೀಲಿ ಯಾರ ಹತ್ತಿರ ಇದೆ ಎಂದು ಗೊತ್ತಿದ್ದರೆ ಸಾಕು.