ಡಾಸ್ ಕಾಲದ ಸ್ಮರಣಕೋಶ ಸಂಘರ್ಷಗಳು ಮತ್ತು ಹಳೆಯ ಕನ್ನಡ ಕಡತಗಳು

ಕನ್ನಡ ಗಣಕೀಕರಣದ ಆರಂಭದ ಘಟ್ಟವು ಡಾಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆಶ್ರಯಿಸಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ, ದಕ್ಷಿಣ ಕನ್ನಡದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನು ಹೊತ್ತ ‘ಸೇಡಿಯಾಪು’ ತಂತ್ರಾಂಶವು ಆ ಕಾಲದ್ದು. ಅಂದು ಅಕ್ಷರಸಂಕೇತಗಳು ತಂತ್ರಾಂಶದಿಂದ ತಂತ್ರಾಂಶಕ್ಕೆ ಭಿನ್ನವಾಗಿದ್ದವು. ಆದ್ದರಿಂದ ಹಳೆಯ ಕಡತವೊಂದನ್ನು ಯೂನಿಕೋಡಿಗೆ ತರಬಯಸುವ ಸಂಶೋಧಕನು, ಅವನು ಉಜಿರೆಯಲ್ಲಿರಲಿ ಬೆಂಗಳೂರಿನಲ್ಲಿರಲಿ, ಕೆಲವೊಮ್ಮೆ ಮೂಲ ತಂತ್ರಾಂಶವನ್ನೂ ಅದೇ ಕಾಲದ ಕಂಪೈಲರ್, ಡಿಬಗ್ಗರ್‌ಗಳನ್ನೂ ನಡೆಸಬೇಕಾಗುತ್ತದೆ. ಅಲ್ಲಿ ಎದುರಾಗುವ ಮುಖ್ಯ ತೊಡಕು ಸ್ಮರಣಕೋಶ ನಿರ್ವಾಹಕಗಳದು.

1981ರ ಐಬಿಎಂ ಪಿಸಿಯ 8088 ಸಂಸ್ಕಾರಕವು 1024 ಕಿಲೋಬೈಟ್‌ಗಳನ್ನಷ್ಟೇ ಗುರುತಿಸಬಲ್ಲದಾಗಿತ್ತು. ಅದರಲ್ಲಿ 640 ತಂತ್ರಾಂಶಗಳಿಗೂ, ಮೇಲಿನ 384 ಪರದೆ, ಹೆಚ್ಚುವರಿ ಕಾರ್ಡು ಮತ್ತು ಬಯೋಸ್‌ಗೂ ಮೀಸಲಾಗಿದ್ದವು. 1985ರ 80386 ಸಂಸ್ಕಾರಕವು ಈ ಮಿತಿಯನ್ನು ಮೀರಿದರೂ ಡಾಸ್ ಮೀರಲಿಲ್ಲ. ಈ ಅಂತರವನ್ನು ತುಂಬಲು ಹೈಮೆಮ್, ಇಎಂಎಂ386, ಕ್ವಾರ್ಟರ್‌ಡೆಕ್ ಸಂಸ್ಥೆಯ ಕ್ಯೂಇಎಂಎಂ ಮೊದಲಾದ ನಿರ್ವಾಹಕಗಳು ಬಳಕೆಗೆ ಬಂದವು. ಮೊದಲಿನೆರಡು 1991ರ ಎಂಎಸ್-ಡಾಸ್ 5.0ರೊಂದಿಗೇ ದೊರೆಯುತ್ತಿದ್ದವು.

ಸಂಘರ್ಷಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸ್ಥಳದ ಸಂಘರ್ಷ. ಮೇಲಿನ 384ರಲ್ಲಿ ಖಾಲಿಯೆಂದು ಭಾವಿಸಿ ನಿರ್ವಾಹಕವು ಬಳಸಿಕೊಂಡ ಜಾಗವು ಯಾವುದೋ ಕಾರ್ಡಿಗೆ ಸೇರಿದ್ದಾದರೆ ಯಂತ್ರ ಸ್ತಬ್ಧವಾಗುತ್ತದೆ. ಕನ್ನಡದ ಮಟ್ಟಿಗೆ ಇದು ವಿಶೇಷ ಮಹತ್ವದ್ದು. ಅಕ್ಷರಗಳನ್ನು ಚಿತ್ರವಾಗಿ ಬರೆಯುವ ತಂತ್ರಾಂಶಕ್ಕೆ 640ರ ಗಡಿಯಿಂದಲೇ ಆರಂಭವಾಗುವ ಚಿತ್ರಸ್ಮೃತಿ ಬೇಕು. ಕ್ಯೂಇಎಂಎಂನೊಂದಿಗೆ ಬರುತ್ತಿದ್ದ ವಿಡ್‌ರ್‍ಯಾಮ್ ಆ ಜಾಗವನ್ನೇ ಸಾಮಾನ್ಯ ಸ್ಮರಣಕೋಶಕ್ಕೆ ಸೇರಿಸುತ್ತಿತ್ತು. ಇಂಗ್ಲಿಷಿನ ಪಠ್ಯತಂತ್ರಾಂಶಕ್ಕೆ ಇದು ಲಾಭ, ಚಿತ್ರರೂಪದ ಕನ್ನಡಕ್ಕೆ ನಷ್ಟ.

ಎರಡನೆಯದು ಅಧಿಕಾರದ ಸಂಘರ್ಷ. ಇಎಂಎಂ386 ಸಂಸ್ಕಾರಕದ ಸಂರಕ್ಷಿತ ಸ್ಥಿತಿಯನ್ನು ತನ್ನ ವಶದಲ್ಲಿಟ್ಟುಕೊಂಡು ಡಾಸ್ ಅನ್ನು ಅದರ ಅಧೀನದಲ್ಲಿ ನಡೆಸುತ್ತದೆ. ಹೆಚ್ಚು ಸ್ಮರಣಕೋಶ ಬಯಸುವ ಕಂಪೈಲರಿಗೂ ಅದೇ ಸ್ಥಿತಿ ಬೇಕು. ಇವುಗಳ ನಡುವಿನ ಒಪ್ಪಂದಗಳೇ ವಿಸಿಪಿಐ ಮತ್ತು 1990ರ ಡಿಪಿಎಂಐ. ವಿಂಡೋಸ್ 3.1ರ 386 ವರ್ಧಿತ ಸ್ಥಿತಿಯು ಎರಡನೆಯದನ್ನು ಮಾತ್ರ ಒಪ್ಪುತ್ತಿದ್ದುದರಿಂದ, ಮೊದಲನೆಯದನ್ನಷ್ಟೇ ಬಲ್ಲ ಸಾಧನಗಳು ಅಲ್ಲಿ ಆರಂಭವಾಗುತ್ತಿರಲಿಲ್ಲ. ಸ್ಮರಣಕೋಶ ಎಷ್ಟೇ ಇದ್ದರೂ ಈ ತೊಡಕು ಪರಿಹಾರವಾಗದು ಎಂಬುದು ಗಮನಾರ್ಹ.

ಪರಿಹಾರಕ್ರಮ ಸರಳವಾದುದು. ಎಂಎಸ್-ಡಾಸ್ 6.0 ಅಥವಾ ಅನಂತರದ ಆವೃತ್ತಿಯಲ್ಲಿ ಯಂತ್ರ ಆರಂಭವಾಗುವಾಗ ಎಫ್5 ಕೀಲಿಯನ್ನೊತ್ತಿ ನಿರ್ವಾಹಕಗಳನ್ನೆಲ್ಲ ಬಿಟ್ಟು ನೋಡಬೇಕು. ಆಗಲೂ ದೋಷ ತೋರಿದರೆ ಅದು ತಂತ್ರಾಂಶದ್ದೇ ಆಗಿರುವ ಸಂಭವ ಹೆಚ್ಚು. ತೋರದಿದ್ದರೆ ಎಫ್8 ಕೀಲಿಯ ನೆರವಿನಿಂದ ಕಾನ್ಫಿಗ್.ಸಿಸ್ ಕಡತದ ಸಾಲುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಬೇಕು. ಸ್ಥಳದ ಸಂಘರ್ಷವಾದರೆ ಇಎಂಎಂ386ರ ಸಾಲಿನಲ್ಲಿ ಎಕ್ಸ್ ಸೂಚನೆಯಿಂದ ಆ ಭಾಗವನ್ನು ಹೊರಗಿಡಬಹುದು. ಅಧಿಕಾರದ ಸಂಘರ್ಷವಾದರೆ ಇಬ್ಬರಲ್ಲಿ ಒಬ್ಬರನ್ನು ಬಿಡಲೇಬೇಕು. ಆದರೆ ಒಂದು ಎಚ್ಚರ ಅಗತ್ಯ: ತಂತ್ರಾಂಶದ ಅಕ್ರಮ ಆದೇಶವನ್ನು ಬರಿಯ ಡಾಸ್ ಗಮನಿಸದೆ ಬಿಡಬಹುದು, ನಿರ್ವಾಹಕವು ತಡೆದು ನಿಲ್ಲಿಸಬಹುದು. ಅಂತಹ ಸಂದರ್ಭದಲ್ಲಿ ನಿರ್ವಾಹಕವು ದೋಷದ ಕಾರಣವಲ್ಲ, ಸಾಕ್ಷಿ.

64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ತಂತ್ರಾಂಶಗಳು ನೇರವಾಗಿ ನಡೆಯುವುದಿಲ್ಲ. 2002ರಲ್ಲಿ ಮೊದಲು ಬಿಡುಗಡೆಯಾದ ಡಾಸ್‌ಬಾಕ್ಸ್ ಹಳೆಯ ಯಂತ್ರವನ್ನು ಅನುಕರಿಸುತ್ತದೆ. ಅದರಲ್ಲಿಯೂ ಸ್ಮರಣಕೋಶದ ಆಯ್ಕೆಗಳನ್ನು ಬೇರೆಬೇರೆಯಾಗಿ ಬದಲಿಸಬಹುದು. ಆದುದರಿಂದ ಹಳೆಯ ಕನ್ನಡ ಕಡತಗಳನ್ನು ಸಂಗ್ರಹಿಸುವವರು ಫ್ಲಾಪಿಯ ಪ್ರತಿಯ ಜೊತೆಗೆ ಆ ಯಂತ್ರದ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್ ಕಡತಗಳನ್ನೂ ಉಳಿಸಿಕೊಳ್ಳುವುದು ಅವಶ್ಯ. ಆ ಕೆಲವೇ ಸಾಲುಗಳಿಲ್ಲದೆ ಮೂಲ ತಂತ್ರಾಂಶ ನಡೆಯದೆ ಹೋಗಬಹುದು, ಕಡತದ ಪಠ್ಯವೂ ಓದಿಗೆ ದಕ್ಕದೆ ಉಳಿಯಬಹುದು.